ಕೊಂಬು ಯಾರಿಗಾಗಿ?

ಕಿಬ್ಬನಹಳ್ಳಿ ಕಡೆಯ ತೋಟಗಳಲ್ಲಿ ಎಳೆಯ ತೆಂಗಿನ ಗಿಡಗಳನ್ನು ನೋಡಿಕೊಳ್ಳುವ ತಾತಂದಿರ ಕೈಯಲ್ಲಿ ಒಂದು ಕಬ್ಬಿಣದ ಕೊಕ್ಕೆ ಇರುತ್ತದೆ. ಸುಳಿಯ ಬುಡದಲ್ಲಿ ತೂತು ಬಿದ್ದು, ತೂತಿನ ಬಾಯಲ್ಲಿ ಅಗಿದು ಉಗಿದಂಥ ನಾರು ಕಂಡಿತೋ, ಕೊಕ್ಕೆ ಒಳಗೆ ಹೋಯಿತೆಂದೇ ಲೆಕ್ಕ. ಅದರ ತುದಿಗೆ ಸಿಕ್ಕಿಕೊಂಡು ಬರುವುದು ಹೆಬ್ಬೆರಳು ಗಾತ್ರದ ಒಂದು ಕಪ್ಪು ದುಂಬಿ. ತಲೆಯ ಮೇಲೆ ಹಿಂದಕ್ಕೆ ಬಾಗಿದ ಒಂದೇ ಒಂದು ಕೊಂಬು. ಕೃಷಿ ಪುಸ್ತಕಗಳಲ್ಲಿ ಇದು ರೈನೋಸಿರಸ್ ದುಂಬಿ. ತಿಪ್ಪೆಯ ಗೊಬ್ಬರದಲ್ಲಿ ಹುಳುವಾಗಿ ಬೆಳೆದು, ರೆಕ್ಕೆ ಬಂದ ಮೇಲೆ ಸುಳಿಗೆ ಹಾರುತ್ತದೆ. ಮಡಿಸಿಕೊಂಡಿದ್ದ ಎಳೆಗರಿಯನ್ನು ಇದು ಕೊರೆದಿದ್ದರೆ, ಆಮೇಲೆ ಬಿಚ್ಚಿಕೊಂಡ ಗರಿ ಕತ್ತರಿಯಾಡಿಸಿದ ಬೀಸಣಿಗೆಯ ಹಾಗೆ ಕಾಣುತ್ತದೆ. ಎಳೆಯ ಗಿಡವಾದರೆ ಸುಳಿಯೇ ಸತ್ತು, ವರುಷಗಟ್ಟಲೆ ನೀರು ಹೊತ್ತದ್ದು ಮಣ್ಣುಪಾಲು.

ಅಂಥ ಒಂದು ದುಂಬಿಯನ್ನು ಏಳನೇ ತರಗತಿಯ ಹುಡುಗನೊಬ್ಬ ಬೆಂಕಿಪೊಟ್ಟಣದಲ್ಲಿ ಹಾಕಿಟ್ಟುಕೊಂಡ. ಅವನ ಚಿತ್ರಪುಸ್ತಕದಲ್ಲಿ ಟ್ರೈಸೆರಾಟಾಪ್ಸ್ ಎಂಬ ಡೈನೋಸಾರ್ ಇತ್ತು: ಕಣ್ಣಿನ ಮೇಲೆರಡು, ಮೂಗಿನ ಮೇಲೊಂದು ಕೊಂಬು, ಕುತ್ತಿಗೆಯ ಹಿಂದೆ ಮೊರದಂತೆ ಎದ್ದು ನಿಂತ ಮೂಳೆಯ ಫಲಕ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವನು ಕೇಳಿದ: "ತಾತ, ಈ ಕೊಂಬು ಯಾತಕ್ಕೆ? ಮರ ಕೊರೆಯೋಕಾ?"

ತಾತ ಕೊಟ್ಟಿಗೆಯ ಕಡೆ ಕೈ ತೋರಿಸಿದರು. "ಎತ್ತು ಕೊಂಬು ಆಡ್ಸೋದು ಹುಲೀಗಲ್ಲ ಕಣ್ ಮಗ, ಪಕ್ಕದ ಗೂಟದ ಎತ್ತಿಗೆ."

ಅಪ್ಪ ನೋಟ್ಸ್ ನೋಡಿ ಹೇಳಿದ್ದು ಬೇರೆ: "ಶತ್ರುಗಳಿಂದ ರಕ್ಷಣೆಗೆ ಅಂತ ಬರಿ. ಒಂದು ಮಾರ್ಕಿನ ಪ್ರಶ್ನೆಗೆ ಅಷ್ಟು ಸಾಕು." ಹುಡುಗನ ಹತ್ತಿರ ಈಗ ಎರಡು ಉತ್ತರ, ಬರೆಯಲು ಇದ್ದದ್ದು ಒಂದೇ ಗೆರೆ.

ದುಂಬಿಯ ಮಟ್ಟಿಗೆ ತಾತನ ಮಾತೇ ಸರಿಗೆ ಹತ್ತಿರ. ಸುಳಿ ಕೊರೆಯುವುದು ಕೊಂಬಲ್ಲ, ಬಾಯಲ್ಲಿರುವ ಗಟ್ಟಿ ದವಡೆ. ಕೊಂಬು ಗಂಡಿನಲ್ಲಿ ಉದ್ದ, ಹೆಣ್ಣಿನಲ್ಲಿ ಮೋಟು. ಕೊರೆಯುವ ಕೆಲಸ ಎರಡೂ ಮಾಡುವಾಗ ಗಂಡಿಗೇಕೆ ಹೆಚ್ಚಿನ ಕೊಂಬು? ಇದರ ಜಪಾನಿನ ಬಳಗದ ದುಂಬಿಯೊಂದರಲ್ಲಿ ಕಾರಣ ಚೆನ್ನಾಗಿ ಕಾಣುತ್ತದೆ. ಮರದ ರಸ ಜಿನುಗುವ ಜಾಗಕ್ಕಾಗಿ, ಅಲ್ಲಿಗೆ ಬರುವ ಹೆಣ್ಣಿಗಾಗಿ, ಗಂಡುಗಳು ಕವಲು ಕೊಂಬನ್ನು ಎದುರಾಳಿಯ ಹೊಟ್ಟೆಯ ಕೆಳಗೆ ತೂರಿಸಿ ಮೀಟಿ ಕೆಳಗೆ ಬೀಳಿಸುತ್ತವೆ. ಹುಳುವಾಗಿದ್ದಾಗ ಚೆನ್ನಾಗಿ ತಿಂದು ಬೆಳೆದದ್ದಕ್ಕೆ ಕೊಂಬು ದೊಡ್ಡದು, ಹೊಟ್ಟೆಗಿಲ್ಲದೆ ಬೆಳೆದದ್ದಕ್ಕೆ ಚಿಕ್ಕದು. ಅಂದರೆ ಕೊಂಬು ಆಯುಧವೂ ಹೌದು, ಮೈಕಟ್ಟು ಎಂಥದೆಂದು ಸಾರುವ ಫಲಕವೂ ಹೌದು.

ಎತ್ತಿನಿಂದ ಡೈನೋಸಾರಿಗೆ ಹೋಗುವ ದಾರಿ ಅಂದುಕೊಂಡಷ್ಟು ದೂರವಿಲ್ಲ. 1887ರಲ್ಲಿ ಅಮೆರಿಕದ ಡೆನ್ವರ್ ಬಳಿ ಒಂದು ಜೊತೆ ದೊಡ್ಡ ಕೊಂಬುಗಳು ಸಿಕ್ಕಿದಾಗ, ಒತ್ನಿಯಲ್ ಚಾರ್ಲ್ಸ್ ಮಾರ್ಷ್ ಎಂಬ ಹೆಸರಾಂತ ವಿಜ್ಞಾನಿ ಅವು ಯಾವುದೋ ಭಾರೀ ಕಾಡೆಮ್ಮೆಯವೆಂದು ತಿಳಿದು ಹಾಗೆಯೇ ಹೆಸರಿಟ್ಟುಬಿಟ್ಟ. ಮುಂದೆ ಸರಿಯಾದ ತಲೆಬುರುಡೆ ಸಿಕ್ಕ ಮೇಲೆ, 1889ರಲ್ಲಿ, ಮೂರು ಕೊಂಬಿನ ಮುಖ ಎಂಬ ಅರ್ಥದ ಟ್ರೈಸೆರಾಟಾಪ್ಸ್ ಎಂಬ ಹೆಸರು ಬಂತು. ಮಾರ್ಷನನ್ನು ನೋಡಿ ನಗುವವರು ಒಮ್ಮೆ ಹಳ್ಳಿಕಾರ್ ಎತ್ತಿನ ಕೊಂಬನ್ನು ಮುಟ್ಟಿ ನೋಡಬೇಕು. ಒಳಗೆ ಮೂಳೆಯ ತಿರುಳು, ಅದರ ಮೇಲೆ ನಮ್ಮ ಉಗುರಿನ ಜಾತಿಯ ಗಟ್ಟಿ ಹೊದಿಕೆ. ಟ್ರೈಸೆರಾಟಾಪ್ಸ್ ಕೊಂಬಿನ ರಚನೆಯೂ ಹೀಗೆಯೇ. ಆದರೆ ಹೊದಿಕೆ ಕೊಳೆತುಹೋಗಿ, ಕಲ್ಲಾಗಿ ಉಳಿದದ್ದು ಸಾಮಾನ್ಯವಾಗಿ ಒಳಗಿನ ತಿರುಳು ಮಾತ್ರ. ಮ್ಯೂಸಿಯಮ್ಮಿನಲ್ಲಿ ಒಂದು ಮೀಟರ್ ಕಾಣುವ ಕೊಂಬು ಬದುಕಿದ್ದಾಗ ಇನ್ನೂ ಉದ್ದವಿತ್ತು.

ಈ ಪ್ರಾಣಿಯ ಕೊಂಬು ಯಾರ ಮೇಲೆ ಏಳುತ್ತಿತ್ತು? ಸಿನಿಮಾದವರನ್ನು ಕೇಳಿದರೆ ಟೈರನೋಸಾರಸ್ ಎನ್ನುತ್ತಾರೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಇವೆರಡೂ ಒಂದೇ ಕಾಡಿನಲ್ಲಿದ್ದದ್ದು ನಿಜ. ಟೈರನೋಸಾರಸ್ ಕಚ್ಚಿ ಮುರಿದ ಕೊಂಬಿನ ಗಾಯ ಮಾಯ್ದು ಗುಣವಾಗಿರುವ ತಲೆಬುರುಡೆಯೊಂದು ಸಿಕ್ಕಿದೆ. ಗಾಯ ಮಾಯ್ದಿದೆ ಎಂದರೆ ಪ್ರಾಣಿ ಆ ದಿನ ಬದುಕಿಕೊಂಡಿತ್ತು. ಅಪ್ಪನ ಉತ್ತರಕ್ಕೆ ಇಷ್ಟು ಸಾಕ್ಷಿ ಉಂಟು.

ತಾತನ ಉತ್ತರಕ್ಕೂ ಸಾಕ್ಷಿ ಸಿಕ್ಕಿದ್ದು 2009ರಲ್ಲಿ. ಆಂಡ್ರ್ಯೂ ಫಾರ್ಕಿ ಮತ್ತು ಜೊತೆಗಾರರು ಟ್ರೈಸೆರಾಟಾಪ್ಸ್ ತಲೆಬುರುಡೆಗಳ ಮೇಲಿನ ಹಳೆಯ ಗಾಯದ ಗುರುತುಗಳನ್ನು ಎಣಿಸುತ್ತ ಹೋದರು. ಹೋಲಿಕೆಗೆ ಆರಿಸಿಕೊಂಡದ್ದು ಅದರ ದಾಯಾದಿಯಾದ ಸೆಂಟ್ರೋಸಾರಸ್ ಅನ್ನು. ಅದಕ್ಕೆ ಕಣ್ಣಿನ ಮೇಲೆ ಉದ್ದ ಕೊಂಬಿಲ್ಲ, ಮೂಗಿನ ಮೇಲಷ್ಟೇ ದೊಡ್ಡದು. ಎರಡು ಟ್ರೈಸೆರಾಟಾಪ್ಸ್ ತಲೆಗೆ ತಲೆ ಕೊಟ್ಟು ನೂಕಾಡಿದರೆ ಕೊಂಬಿನ ಮೊನೆ ಎಲ್ಲಿ ನಾಟಬಹುದೋ ಆ ಜಾಗದಲ್ಲೇ, ಕುತ್ತಿಗೆ ಫಲಕದ ಪಕ್ಕದ ಮೂಳೆಯಲ್ಲೇ, ಗಾಯಗಳು ಸೆಂಟ್ರೋಸಾರಸ್‌ಗಿಂತ ಬಹುಪಾಲು ಹೆಚ್ಚು. ಟೈರನೋಸಾರಸ್‌ಗೆ ಕೊಂಬಿರಲಿಲ್ಲ. ತಿವಿದದ್ದು ಪಕ್ಕದ ಗೂಟದ್ದೇ ಇರಬೇಕು!

ಫಲಕವೂ ಬರೀ ಗುರಾಣಿಯಲ್ಲ. ಅದರ ಮೇಲ್ಮೈಯಲ್ಲಿ ರಕ್ತನಾಳ ಹರಿದ ಗೆರೆಗಳಿವೆ. ಇದನ್ನು ಕಂಡು, ಮೈಬಿಸಿ ಹೊರಗೆ ಹಾಕಲು ಆನೆಗೆ ಕಿವಿಯಿದ್ದಂತೆ ಇದು ಎಂದವರಿದ್ದಾರೆ. ಅದೂ ಸ್ವಲ್ಪ ಇದ್ದೀತು. ಆದರೆ ಬಳಗದ ಒಂದೊಂದು ಜಾತಿಗೂ ಒಂದೊಂದು ವಿನ್ಯಾಸದ ಫಲಕ, ಒಂದೊಂದು ಬಗೆಯ ಕೊಂಬು. ಸೆಕೆಗಾಗಿ ಇಷ್ಟು ಬಗೆಯ ಅಲಂಕಾರ ಬೇಕಿಲ್ಲ. ತೋರಿಸಿಕೊಳ್ಳಲು, ಗುರುತು ಹಿಡಿಯಲು ಎಂಬುದೇ ಇಂದು ಹೆಚ್ಚು ಜನ ಒಪ್ಪುವ ಮಾತು.

ಕಿಬ್ಬನಹಳ್ಳಿಯ ಬಂಡೆ ಒಡೆದರೆ ಇಂಥ ಮೂಳೆ ಸಿಕ್ಕೀತೇ ಎಂದೂ ಹುಡುಗ ಕೇಳಿದ್ದ. ಸಿಗುವುದಿಲ್ಲ, ಪಾಪ. ಇಲ್ಲಿಯ ಕಲ್ಲುಗಳ ವಯಸ್ಸು 250 ಕೋಟಿ ವರ್ಷಕ್ಕೂ ಮೇಲೆ. ಡೈನೋಸಾರುಗಳು ಬಂದದ್ದು ನಿನ್ನೆ ಮೊನ್ನೆ ಎಂಬಂತೆ, 25 ಕೋಟಿ ವರ್ಷದ ಈಚೆಗೆ. ನಮ್ಮ ದೇಶದಲ್ಲೇ ನೋಡಬೇಕೆಂದರೆ ಗುಜರಾತಿನ ರಹಿಯೋಲಿಯ ಮೂಳೆಗಳಿವೆ. ಅಲ್ಲಿ ಸಿಕ್ಕು 2003ರಲ್ಲಿ ರಾಜಾಸಾರಸ್ ಎಂದು ಹೆಸರು ಪಡೆದ ಮಾಂಸಾಹಾರಿಗೆ ಹಣೆಯ ಮೇಲೆ ಒಂದು ಗಿಡ್ಡ ಕೊಂಬು ಇತ್ತು. ಬೇಟೆಯಾಡುವ ಪ್ರಾಣಿಗೆ ಹಣೆಯ ಕೊಂಬಿನಿಂದ ಶತ್ರುವಿನ ರಕ್ಷಣೆಯೆಂದು ಬರೆದರೆ ಮಾರ್ಕು ಬಂದೀತೇನೋ, ಒಪ್ಪುವುದು ಕಷ್ಟ.

ತಾತನ ಉತ್ತರಕ್ಕೂ ಒಂದು ತೊಡಕಿದೆ. 2006ರಲ್ಲಿ ವಿವರಣೆ ಪ್ರಕಟವಾದ ಮರಿ ಟ್ರೈಸೆರಾಟಾಪ್ಸ್ ಒಂದರ ತಲೆಬುರುಡೆ ಬರೀ 30 ಸೆಂಟಿಮೀಟರ್ ಉದ್ದ. ದೊಡ್ಡದರ ತಲೆ ಎರಡು ಮೀಟರ್ ದಾಟುತ್ತದೆ. ಅಷ್ಟು ಚಿಕ್ಕ ಮರಿಗೂ ಬೆರಳ ತುದಿಯಂಥ ಕೊಂಬಿನ ಮೊಳಕೆ, ಪುಟ್ಟ ಫಲಕ ಇದ್ದವು. ಆ ವಯಸ್ಸಿಗೆ ಹೆಣ್ಣಿನ ಗೊಡವೆಯಿಲ್ಲ, ಎದುರಾಳಿಯಿಲ್ಲ. ಮುಂದೆ ಎಳೆಯ ಪ್ರಾಯದಲ್ಲಿ ಕೊಂಬು ಹಿಂದಕ್ಕೆ ಬಾಗಿ ಬೆಳೆಯುತ್ತಿತ್ತು, ಪೂರ್ತಿ ಬೆಳೆದ ಮೇಲೆ ಮುಂದಕ್ಕೆ ತಿರುಗುತ್ತಿತ್ತು. ಹಿಂಡಿನಲ್ಲಿ ದೂರದಿಂದ ನೋಡಿದರೂ ಯಾವುದು ಮರಿ, ಯಾವುದು ಹರೆಯದ್ದು, ಯಾವುದರ ಮುಂದೆ ತಲೆ ತಗ್ಗಿಸಬೇಕು ಎಂಬುದು ಕೊಂಬಿನ ಬಾಗಿನಿಂದಲೇ ತಿಳಿಯುತ್ತಿದ್ದಿರಬೇಕು.