ಯುದ್ಧನೌಕೆಯಲ್ಲಿ ಉಪ್ಪು ಮುಗಿದಾಗ

ಯುದ್ಧದ ಕಥೆ ಯಾವುದೇ ಇರಲಿ, ನಾನು ಮೊದಲು ಇಣುಕುವುದು ಅಡುಗೆಮನೆಗೆ. ಸೇನಾಪತಿ ಎಂಥ ಭಾಷಣ ಬಿಗಿದ, ಫಿರಂಗಿ ಎಷ್ಟು ದೂರ ಸಿಡಿಯಿತು ಅನ್ನುವುದೆಲ್ಲ ಆಮೇಲಿನ ಮಾತು. ಇಷ್ಟೊಂದು ಜನಕ್ಕೆ ಅನ್ನ ಬೇಯಿಸುತ್ತಿರುವವರು ಯಾರು? ಕೆಟ್ಟ ಯಂತ್ರದ ಕೆಳಗೆ ನುಸುಳಿ ಎಣ್ಣೆ ಮೆತ್ತಿಕೊಳ್ಳುವವರು ಯಾರು? ಇದಕ್ಕೆಲ್ಲ ದುಡ್ಡು ಮಂಜೂರು ಮಾಡಿದವರು ಯಾರು? ಈ ಮೂರರಲ್ಲಿ ಒಂದರ ಸುಳಿವೂ ಕೊಡದ ಕಥೆ ಎಷ್ಟೇ ರಕ್ತ ಹರಿಸಲಿ, ನನ್ನ ಮಟ್ಟಿಗೆ ಅದು ಕಂಪನಿ ನಾಟಕದ ಕುರುಕ್ಷೇತ್ರ. ಬಾಣ ಬಿಟ್ಟಷ್ಟೂ ಬತ್ತಳಿಕೆ ತುಂಬಿಯೇ ಇರುತ್ತದೆ. ನನ್ನ ಈ ಚಪಲವನ್ನು ತೀರಿಸಿದ್ದು ಜಪಾನಿನ ಅನಿಮೆ, ಅದರಲ್ಲೂ ದೈತ್ಯ ರೋಬಾಟುಗಳು ಹೊಡೆದಾಡುವ ಅನಿಮೆ ಅಂದರೆ ನಗುವವರಿದ್ದಾರೆ. ನಗಲಿ.

ರೋಬಾಟು ಕಥೆಗಳಿಗೆ ಮೊದಲು ಒಂದು ಅಚ್ಚಿತ್ತು. 1972ರ ‘ಮಜಿಂಗರ್ ಝಡ್’ ಹಾಕಿಕೊಟ್ಟದ್ದು: ವಿಜ್ಞಾನಿ ಅಜ್ಜ ಗುಟ್ಟಾಗಿ ಕಟ್ಟಿಟ್ಟ ಒಂದೇ ಒಂದು ಉಕ್ಕಿನ ದೈತ್ಯ, ಅದರ ತಲೆಯ ಮೇಲೆ ಕೂತು ನಡೆಸುವ ಮೊಮ್ಮಗ, ವಾರಕ್ಕೊಂದು ಯಂತ್ರರಾಕ್ಷಸನ ಸಂಹಾರ. ಈ ವಾರ ನಗರ ಪುಡಿಯಾದರೆ ಮುಂದಿನ ವಾರ ಮತ್ತೆ ಹೊಚ್ಚ ಹೊಸದು. 1979ರ ಏಪ್ರಿಲ್‌ನಲ್ಲಿ ನಗೋಯಾ ಟಿವಿಯಲ್ಲಿ ಶುರುವಾದ ‘ಮೊಬೈಲ್ ಸೂಟ್ ಗನ್‌ಡಮ್’ ಈ ಅಚ್ಚನ್ನು ಮುರಿಯಿತು. ನಿರ್ದೇಶಕ ಯೊಶಿಯುಕಿ ಟೊಮಿನೊ ಮಾಡಿದ್ದು ನೋಡಲು ಸಣ್ಣ ಬದಲಾವಣೆ. ರೋಬಾಟು ದೇವರ ವರವಲ್ಲ, ಕಾರ್ಖಾನೆಯ ಸರಕು ಎಂದ. ಶತ್ರುಗಳ ‘ಝಾಕು’ ಯಂತ್ರಗಳಿಗೆ ಮಾಡೆಲ್ ನಂಬರ್ ಇದೆ, ಸಾಲುಸಾಲಾಗಿ ತಯಾರಾಗುತ್ತವೆ, ಸಾಲುಸಾಲಾಗಿ ನುಚ್ಚುನೂರಾಗುತ್ತವೆ. ಆ ಶತ್ರುಗಳೂ ಬೇರೆ ಗ್ರಹದವರಲ್ಲ, ಬಾಹ್ಯಾಕಾಶದಲ್ಲಿ ಕಟ್ಟಿದ ವಸಾಹತುಗಳಲ್ಲಿ ಹುಟ್ಟಿ ಬೆಳೆದು, ಭೂಮಿಯ ಸರಕಾರದಿಂದ ಸ್ವಾತಂತ್ರ್ಯ ಘೋಷಿಸಿಕೊಂಡ ಮನುಷ್ಯರೇ. ಕಥೆ ಶುರುವಾಗುವ ಹೊತ್ತಿಗಾಗಲೇ ಮನುಕುಲದ ಅರ್ಧ ಸತ್ತಿರುತ್ತದೆ. ನಿರೂಪಕ ಅದನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿಬಿಡುತ್ತಾನೆ.

ಯುದ್ಧ ಮನೆ ಬಾಗಿಲಿಗೇ ಬಂದಾಗ ಹದಿನೈದರ ಹುಡುಗ ಅಮುರೊ ರೇ ಹೊಸ ಯಂತ್ರದೊಳಗೆ ಹತ್ತಿ ಕೂರುತ್ತಾನೆ. ಅವನಿಗೆ ಅದನ್ನು ನಡೆಸಲು ಬರುವುದಿಲ್ಲ. ತೊಡೆಯ ಮೇಲೆ ಕೈಪಿಡಿ ಇಟ್ಟುಕೊಂಡು, ಪುಟ ತಿರುಗಿಸುತ್ತಲೇ ಒಂದೊಂದು ಗುಂಡಿ ಒತ್ತುತ್ತಾನೆ. ಆ ಕೈಪಿಡಿ ನೋಡಿದಾಗಲೇ ನಾನು ಈ ಸರಣಿಗೆ ಸೋತೆ. ಮುಂದೆ ‘ವೈಟ್ ಬೇಸ್’ ಎಂಬ ನೌಕೆ ಊರಿನ ನಿರಾಶ್ರಿತರನ್ನು ತುಂಬಿಕೊಂಡು ಹೊರಡುತ್ತದೆ. ಕ್ಯಾಪ್ಟನ್ ಗಾಯಗೊಂಡು ಹಾಸಿಗೆ ಹಿಡಿಯುತ್ತಾನೆ, ಹೊಣೆ ಹತ್ತೊಂಬತ್ತರ ಬ್ರೈಟ್ ನೋವಾನ ಹೆಗಲಿಗೆ ಬೀಳುತ್ತದೆ. ಮುದುಕರು ಗೊಣಗುತ್ತಾರೆ, ಮಕ್ಕಳು ಓಡಾಡಿಕೊಂಡು ಕಾಲಿಗೆ ಸಿಗುತ್ತವೆ. ಹದಿನಾರನೆಯ ಕಂತಿನಲ್ಲಿ ನೌಕೆಯ ಅಡುಗೆಯ ಮುಖ್ಯಸ್ಥ ತಮುರಾ ಬಂದು ದೂರು ಹೇಳುತ್ತಾನೆ: ಉಪ್ಪು ತಳ ಕಂಡಿದೆ. ಶತ್ರು ಬೆನ್ನಿಗೇ ಇದ್ದಾನೆ, ಯಂತ್ರಗಳು ಜಖಂ ಆಗಿವೆ, ಈತನಿಗೆ ಉಪ್ಪಿನ ಚಿಂತೆ. ಆದರೆ ಉಪ್ಪಿಲ್ಲದೆ ಮೈಯಲ್ಲಿ ಕಸುವಿರದು, ಕಸುವಿಲ್ಲದೆ ಯುದ್ಧವಿಲ್ಲ. ಆ ಕಂತಿನಲ್ಲಿ ಮಧ್ಯ ಏಷ್ಯಾದ ಮರುಭೂಮಿಯಲ್ಲಿ ಉಪ್ಪಿನ ಸರೋವರ ಹುಡುಕುವುದೂ ಒಂದು ಸೇನಾ ಕಾರ್ಯಾಚರಣೆಯೇ.

ಒಮ್ಮೆ ಅಮ್ಮ ಸೊಪ್ಪು ಬಿಡಿಸುತ್ತಾ ಕೂತು ಈ ಕಂತು ನೋಡಿದಳು. ಭಾಷೆ ಬರದು, ರೋಬಾಟು ಬೇಡ. ನಡುವೆ ‘ಅವನು ಯಾಕೋ ಮುಖ ಸಪ್ಪಗೆ ಮಾಡ್ಕೊಂಡಿದಾನೆ?’ ಅಂದಳು. ಉಪ್ಪು ಮುಗಿದಿದೆಯಂತೆ ಅಂದೆ. ‘ಅಯ್ಯೋ ಪಾಪ, ಅಷ್ಟು ಜನಕ್ಕೆ ಏನು ಮಾಡಿ ಹಾಕ್ತಾನೆ!’ ಎಂದವಳು ಕಂತು ಮುಗಿಯುವವರೆಗೂ ಏಳಲಿಲ್ಲ. ಫಿರಂಗಿಗಳು ಸಿಡಿಯುವಾಗ ಸೊಪ್ಪಿನ ಕಡೆ ನೋಡುತ್ತಿದ್ದಳು, ತಮುರಾ ಬಂದಾಗ ತಲೆ ಎತ್ತುತ್ತಿದ್ದಳು.

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅನ್ನುತ್ತೇವೆ. ಟೊಮಿನೊ ಕಥೆಯಲ್ಲಿ ಉಪ್ಪಿಗಿಂತ ಮೊದಲೇ ತಾಯಿ ಬಂದು ಹೋಗಿರುತ್ತಾಳೆ. ಹದಿಮೂರನೆಯ ಕಂತಿನಲ್ಲಿ ಅಮುರೊ ಹುಟ್ಟಿದೂರಿಗೆ ಹೋಗಿ, ನಿರಾಶ್ರಿತರ ಶಿಬಿರದಲ್ಲಿ ಅಮ್ಮನನ್ನು ಕಾಣುತ್ತಾನೆ. ಅಷ್ಟರಲ್ಲಿ ಶತ್ರು ಸೈನಿಕರು ತಪಾಸಣೆಗೆ ಬರುತ್ತಾರೆ. ರೋಗಿಯಂತೆ ಹೊದ್ದು ಮಲಗಿದ ಹುಡುಗ ಹೊದಿಕೆಯೊಳಗಿನಿಂದಲೇ ಪಿಸ್ತೂಲು ಹಾರಿಸುತ್ತಾನೆ. ಯಂತ್ರದೊಳಗೆ ಕೂತು ಎಷ್ಟೋ ಜನರನ್ನು ಕೊಂದವನು ಮೊದಲ ಬಾರಿಗೆ ಮನುಷ್ಯನ ಮುಖ ನೋಡಿ ಗುಂಡು ಹೊಡೆದದ್ದು. ಅಮ್ಮ ಅಪ್ಪಿಕೊಳ್ಳುವುದಿಲ್ಲ. ಇಂಥವನಾದೆಯಾ ಎಂದು ಹೌಹಾರುತ್ತಾಳೆ. ತಪ್ಪು ಅವಳದ್ದೂ ಅಲ್ಲ, ಅವನದ್ದೂ ಅಲ್ಲ. ಸಂಜೆ ಅವನು ಸೈನಿಕನಂತೆ ಸೆಲ್ಯೂಟ್ ಹೊಡೆದು ಹೊರಟುಹೋಗುತ್ತಾನೆ. ಮಕ್ಕಳಿಗೆಂದು ಆಟಿಕೆ ಕಂಪನಿಯ ದುಡ್ಡಿನಲ್ಲಿ ಮಾಡಿದ ಕಾರ್ಯಕ್ರಮ ಇದು!

ಮಕ್ಕಳು ಅಷ್ಟಾಗಿ ನೋಡಲಿಲ್ಲ. ಆಟಿಕೆ ಮಾರಾಟವಾಗಲಿಲ್ಲ. 52 ಕಂತುಗಳೆಂದು ಯೋಜಿಸಿದ್ದನ್ನು 43ಕ್ಕೇ ಮುಗಿಸಿದರು. ಆಮೇಲೆ ಮರುಪ್ರಸಾರ, ಕಾಲೇಜು ಹುಡುಗರ ಗೀಳು, 1980ರ ಜುಲೈನಲ್ಲಿ ಬಂಡಾಯ್ ಕಂಪನಿ ತಂದ 300 ಯೆನ್‌ನ ಪ್ಲಾಸ್ಟಿಕ್ ಜೋಡಣೆ ಕಿಟ್, 1981–82ರಲ್ಲಿ ಮೂರು ಸಿನಿಮಾ. ಅಲ್ಲಿಂದ ಮುಂದಿನದು ವ್ಯಾಪಾರದ ಇತಿಹಾಸ, ನನಗೆ ಅದರಲ್ಲಿ ಅಷ್ಟು ರುಚಿಯಿಲ್ಲ. ಈ ಸರಣಿಯ ಕೊನೆಯ ಭಾಗದಲ್ಲಿ ಬರುವ ‘ನ್ಯೂಟೈಪ್’ ಎಂಬ ಅತೀಂದ್ರಿಯ ಶಕ್ತಿಯಲ್ಲೂ ಇಲ್ಲ. ಉಪ್ಪಿನ ಲೆಕ್ಕ ಇಟ್ಟವರು ಮನಸ್ಸು ಮನಸ್ಸು ಮಾತಾಡಿಕೊಳ್ಳುವ ದಾರಿಗೆ ಯಾಕೆ ಹೋದರೋ!

ಹದಿನೆಂಟು ಮೀಟರ್ ಎತ್ತರದ ಎರಡು ಕಾಲಿನ ಯಂತ್ರವೇ ಸುಳ್ಳಲ್ಲವೇ, ಅದರಲ್ಲೇನು ವಾಸ್ತವಿಕತೆ ಎಂದು ಗೆಳೆಯರು ಕೇಳುತ್ತಾರೆ. ಸುಳ್ಳೇ. ಯಾವ ಸೇನೆಯೂ ಅಂಥದ್ದನ್ನು ಕಟ್ಟುವುದಿಲ್ಲ. ಅದಕ್ಕೇ ಗನ್‌ಡಮ್‌ನವರು ‘ಮಿನೊವ್‌ಸ್ಕಿ ಕಣ’ ಎಂಬುದೊಂದನ್ನು ಹುಟ್ಟಿಸಿದರು. ಅದನ್ನು ಹರಡಿದ ಕಡೆ ರಾಡಾರ್ ಕುರುಡು, ಹಾಗಾಗಿ ಕಣ್ಣಳತೆಯಲ್ಲೇ ಕಾದಾಡಬೇಕು, ಹಾಗಾಗಿ ಕೈಕಾಲಿನ ಯಂತ್ರ. ನಾನು ಈ ಒಂದು ಸುಳ್ಳನ್ನು ಸಂತೋಷವಾಗಿ ಒಪ್ಪುತ್ತೇನೆ. ಒಂದು ದೊಡ್ಡ ಸುಳ್ಳಿಗೆ ಸಾಲ ಕೊಟ್ಟ ಮೇಲೆ, ಕಥೆಗಾರ ಉಳಿದದ್ದಕ್ಕೆಲ್ಲ ಪೈಸೆ ಪೈಸೆ ಲೆಕ್ಕ ಒಪ್ಪಿಸುತ್ತಾನೋ ಇಲ್ಲವೋ ಎಂದು ಕಾಯುವುದರಲ್ಲೇ ಈ ಹವ್ಯಾಸದ ಸುಖವೆಲ್ಲ ಇರುವುದು.

ಹೀಗೆ ಲೆಕ್ಕ ಒಪ್ಪಿಸಿದವರಲ್ಲಿ ನನಗೆ ಎಲ್ಲರಿಗಿಂತ ಇಷ್ಟ ರ್ಯೋಸುಕೆ ತಕಹಾಶಿ. ಅವರ ‘ಆರ್ಮರ್ಡ್ ಟ್ರೂಪರ್ ವೋಟಮ್ಸ್’ 1983ರಿಂದ 84ರವರೆಗೆ 52 ಕಂತು ನಡೆಯಿತು. ಅದರ ‘ಸ್ಕೋಪ್‌ಡಾಗ್’ ಯಂತ್ರ ನಾಲ್ಕು ಮೀಟರೂ ಇಲ್ಲ, ಮನೆಯ ಮೊದಲ ಮಹಡಿಯ ಕಿಟಕಿಗೆ ತಲೆ ತಾಕೀತು. ಮುಖವಿಲ್ಲ. ಮುಖ ಇರಬೇಕಾದ ಜಾಗದಲ್ಲಿ ಮೂರು ಲೆನ್ಸುಗಳ ಒಂದು ಗುಂಡು ಬಿಲ್ಲೆ. ಹತ್ತಿರಕ್ಕೊಂದು, ದೂರಕ್ಕೊಂದು ಎಂದು ಅದು ಕಟಕ್ಕನೆ ತಿರುಗಿ ಲೆನ್ಸು ಬದಲಿಸುತ್ತದೆ, ಹಳಿಯ ಮೇಲೆ ಅತ್ತಿತ್ತ ಸರಿಯುತ್ತದೆ. ಸೈನಿಕ ಇಳಿಯಬೇಕಾದರೆ ಯಂತ್ರ ಕಾಲು ಮಡಚಿ ನೆಲಕ್ಕೆ ಕುಸಿದು ಕೂರುತ್ತದೆ, ಆಗ ಎದೆಯ ಬಾಗಿಲು ತೆರೆಯುತ್ತದೆ. ಒಳಗೆ ಹೊಳೆಯುವ ಪರದೆಗಳಿಲ್ಲ. ಅವನ ಕನ್ನಡಕಕ್ಕೆ ಚಿತ್ರ ಬರುತ್ತದೆ, ಅಷ್ಟೇ. ಯಂತ್ರದ ಸ್ನಾಯುಗಳಲ್ಲಿ ಹರಿಯುವ ದ್ರವ ಕಾಲಕಾಲಕ್ಕೆ ಹಳಸುತ್ತದೆ, ಬದಲಿಸಬೇಕು, ಬೆಂಕಿ ತಾಕಿದರೆ ಹೊತ್ತಿಕೊಳ್ಳುತ್ತದೆ. ರಕ್ಷಾಕವಚ ತೆಳು. ನಾಯಕ ಕಿರಿಕೊ ತನ್ನ ಯಂತ್ರಕ್ಕೆ ಹೆಸರಿಡುವುದಿಲ್ಲ, ಮುದ್ದು ಮಾಡುವುದಿಲ್ಲ. ಕೆಟ್ಟರೆ ಅಲ್ಲೇ ಬಿಟ್ಟು, ಸಿಕ್ಕ ಇನ್ನೊಂದನ್ನು ಹತ್ತುತ್ತಾನೆ. ಸಿಪಾಯಿಯಷ್ಟೇ ಅಗ್ಗದ ಸಿಪಾಯಿಯಂತ್ರ ಅದು. ವಿನ್ಯಾಸ ಮಾಡಿದ ಕುನಿಯೊ ಒಕವಾರಾ ಅವರೇ ಗನ್‌ಡಮ್‌ನ ಯಂತ್ರಗಳನ್ನೂ ಬಿಡಿಸಿದವರು ಎಂದರೆ ನಂಬುವುದು ಕಷ್ಟ.

ಕಥೆ ಶುರುವಾಗುವುದು ನೂರು ವರ್ಷದ ಯುದ್ಧ ಮುಗಿಯುವ ಹೊತ್ತಿಗೆ, ಅದೂ ತಕಹಾಶಿಯ ಜಾಣತನ. ಕದನವಿರಾಮವೇನೋ ಆಯಿತು, ಕೊಲ್ಲುವುದೊಂದನ್ನೇ ಕಲಿತ ಲಕ್ಷಾಂತರ ಸೈನಿಕರು ಹೊಟ್ಟೆಪಾಡಿಗೆ ಏನು ಮಾಡಬೇಕು? ‘ಊಡೊ’ ಎಂಬ ಪಾಳುನಗರದಲ್ಲಿ ಅವರು ಅದೇ ಹಳೆಯ ಯಂತ್ರಗಳನ್ನು ಹತ್ತಿ ಅಖಾಡಕ್ಕಿಳಿಯುತ್ತಾರೆ, ಸುತ್ತ ಕೂತವರು ಬಾಜಿ ಕಟ್ಟುತ್ತಾರೆ. ಪೊಲೀಸರೇ ಲೂಟಿಕೋರರ ಜೊತೆ ಶಾಮೀಲು. ಯುದ್ಧ ಮುಗಿದ ಮೇಲಿನ ಬೆಳಗು ಹೇಗಿರುತ್ತದೆಂದು ಇಷ್ಟು ಮುಲಾಜಿಲ್ಲದೆ ತೋರಿಸಿದ ಅನಿಮೆ ನಾನು ಇನ್ನೊಂದು ನೋಡಿಲ್ಲ.

ಇವರೆಲ್ಲ ಎಲ್ಲಿಂದ ಬಂದರು ಎಂದು ನೋಡಿದರೆ ಬೆರಗಾಗಬೇಕಿಲ್ಲ. ಟೊಮಿನೊ ಹುಟ್ಟಿದ್ದು 1941ರಲ್ಲಿ, ತಕಹಾಶಿ 1943ರಲ್ಲಿ. ಸೋತ ದೇಶದ ಪಡಿತರ ತಿಂದು ಬೆಳೆದ ತಲೆಮಾರು. ಗನ್‌ಡಮ್‌ನ ಪಾತ್ರಗಳಿಗೆ ಮುಖ ಕೊಟ್ಟ ಯೊಶಿಕಾಝು ಯಾಸುಹಿಕೊ ವಿದ್ಯಾರ್ಥಿ ಚಳವಳಿಗೆ ಇಳಿದು ಹಿರೊಸಾಕಿ ವಿಶ್ವವಿದ್ಯಾಲಯದಿಂದ ಹೊರಬಿದ್ದವರು. ಯುದ್ಧವನ್ನು ಸಂವಿಧಾನದ ಒಂಬತ್ತನೆಯ ವಿಧಿಯಲ್ಲೇ ತ್ಯಜಿಸಿದ ದೇಶದಲ್ಲಿ, ಯುದ್ಧದ ಮಾತಾಡಲು ಇವರಿಗೆ ಸಿಕ್ಕ ವೇದಿಕೆ ಮಕ್ಕಳ ಸಂಜೆಯ ಟಿವಿ.

ನನ್ನ ಬಳಿ ಒಂದು ನೋಟುಬುಕ್ಕಿದೆ. ನೋಡುವಾಗ ಅಲ್ಲಲ್ಲಿ ನಿಲ್ಲಿಸಿ ಅದರಲ್ಲಿ ಬರೆಯುತ್ತೇನೆ. ಯಾವ ಯುದ್ಧ ಯಾರು ಗೆದ್ದರು ಎಂದಲ್ಲ. ಯಾರು ಏನು ತಿಂದರು, ಯಾರ ಕಡತ ಯಾರ ಮೇಜಿನ ಮೇಲೆ ಕೊಳೆಯಿತು ಎಂದು. ಅದರಲ್ಲಿ ಹೆಚ್ಚು ಪುಟ ತಿಂದಿರುವುದು ‘ಲೆಜೆಂಡ್ ಆಫ್ ದ ಗ್ಯಾಲಕ್ಟಿಕ್ ಹೀರೋಸ್’. ಯೊಶಿಕಿ ತನಾಕಾ ಅವರ ಕಾದಂಬರಿಗಳನ್ನು ಆಧರಿಸಿ 1988ರಿಂದ 97ರವರೆಗೆ ವಿಡಿಯೊಗಳಲ್ಲಿ ಬಂದ 110 ಕಂತುಗಳ ಮಹಾಗಾತ್ರ. ಅದರ ನಾಯಕರಲ್ಲೊಬ್ಬ ಯಾಂಗ್ ವೆನ್‌ಲಿ ಇತಿಹಾಸ ಓದಬೇಕೆಂದಿದ್ದವನು. ಅಪ್ಪ ತೀರಿಕೊಂಡ, ಕೈಯಲ್ಲಿ ಕಾಸಿಲ್ಲ. ಸೇನಾ ಅಕಾಡೆಮಿಯಲ್ಲಾದರೆ ಫೀಸಿಲ್ಲದೆ ಯುದ್ಧದ ಇತಿಹಾಸ ಕಲಿಸುತ್ತಾರೆಂದು ಸೇರುತ್ತಾನೆ. ನಡುವೆ ಆ ವಿಭಾಗವನ್ನೇ ಮುಚ್ಚಿಬಿಡುತ್ತಾರೆ! ಹಾಗೆ ವಿಧಿಯಿಲ್ಲದೆ ತಂತ್ರನಿಪುಣನಾದವನು, ಚಹಾಕ್ಕೆ ಒಂದಿಷ್ಟು ಬ್ರಾಂದಿ ಬೆರೆಸಿಕೊಂಡು ಪಿಂಚಣಿಯ ದಿನಕ್ಕಾಗಿ ಕಾಯುತ್ತಾ, ಗೆಲ್ಲುತ್ತಾ ಹೋಗುತ್ತಾನೆ.

ಆ ಸರಣಿಯಲ್ಲಿ ನಾನು ಮತ್ತೆ ಮತ್ತೆ ನೋಡುವುದು ಒಂದು ಸೋಲನ್ನು. ಯಾಂಗ್‌ನ ಪ್ರಜಾಪ್ರಭುತ್ವದ ಒಕ್ಕೂಟ ಎದುರಾಳಿ ಸಾಮ್ರಾಜ್ಯದ ಮೇಲೆ ಮೂರು ಕೋಟಿ ಸೈನಿಕರ ದಂಡೆತ್ತಿ ಹೋಗುತ್ತದೆ. ಕಾರಣ? ಚುನಾವಣೆ ಹತ್ತಿರ ಬಂತು, ಸರಕಾರದ ಜನಪ್ರಿಯತೆ ಕುಸಿದಿದೆ. ಬೊಕ್ಕಸ ಆಗಲೇ ಬರಿದಾಗಿದೆ ಎಂದು ಸಂಪುಟದಲ್ಲೇ ಕೆಲವರು ಹೇಳುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಕಲ್ಲ, ಕೈ ಎತ್ತಿ ಪಾಸು ಮಾಡುತ್ತಾರೆ. ಸಾಮ್ರಾಜ್ಯದ ರೈನ್‌ಹಾರ್ಡ್ ಯುದ್ಧಕ್ಕೇ ಬರುವುದಿಲ್ಲ. ಗಡಿಯ ಗ್ರಹಗಳಿಂದ ತನ್ನ ಸೇನೆಯನ್ನೂ ದವಸಧಾನ್ಯವನ್ನೂ ವಾಪಸು ತೆಗೆದುಕೊಂಡು ಸುಮ್ಮನೆ ಕೂರುತ್ತಾನೆ. ಬಿಡುಗಡೆ ಮಾಡಲು ಬಂದವರಿಗೆ ಹಸಿದ ಪ್ರಜೆಗಳು ಎದುರಾಗುತ್ತಾರೆ. ಅವರಿಗೆ ಉಣಿಸಬೇಕು, ತಾವೂ ಉಣ್ಣಬೇಕು. ಸರಬರಾಜಿನ ಹೊಣೆ ಹೊತ್ತ ಕಾಸೆಲ್ನೆಸ್ ಎಂಬ ಅಧಿಕಾರಿ ಕೋಷ್ಟಕಗಳನ್ನು ಮುಂದಿಟ್ಟುಕೊಂಡು ತಲೆ ಚಚ್ಚಿಕೊಳ್ಳುತ್ತಾನೆ. ಕೊನೆಗೆ ಸೈನಿಕರು ಕೊಟ್ಟ ಧಾನ್ಯವನ್ನೇ ಕಿತ್ತುಕೊಳ್ಳಲು ಹೋಗುತ್ತಾರೆ, ಜನ ದಂಗೆ ಏಳುತ್ತಾರೆ, ಸಾಮಗ್ರಿ ಹೊತ್ತ ಹಡಗುಗಳ ಸಾಲನ್ನು ರೈನ್‌ಹಾರ್ಡ್‌ನ ಗೆಳೆಯ ದಾರಿಯಲ್ಲೇ ಹೊಡೆದುಹಾಕುತ್ತಾನೆ. ಆಮೇಲೆ ನಡೆಯುವ ಸಾವಿರಾರು ಹಡಗುಗಳ ಮಹಾಯುದ್ಧ ಬರೀ ಔಪಚಾರಿಕ. ನಾನು ಆಗ ಎದ್ದು ಹೋಗಿ ಕಾಫಿ ಕಾಸಿಕೊಂಡು ಬರುತ್ತೇನೆ.

‘ಪ್ಯಾಟ್‌ಲೇಬರ್’ ಬಗ್ಗೆ ಮಾತು ಶುರುವಾದರೆ ಮನೆಯವರು ಜಾಗ ಖಾಲಿ ಮಾಡುತ್ತಾರೆ, ಇಲ್ಲಾದರೂ ಹೇಳಿಕೊಳ್ಳುತ್ತೇನೆ. ಟೋಕಿಯೊ ಕೊಲ್ಲಿಯಲ್ಲಿ ಮಣ್ಣು ತುಂಬಿಸಿದ ಬಯಲಲ್ಲಿ, ಊರಾಚೆ, ರೋಬಾಟು ಓಡಿಸುವ ಪೊಲೀಸರ ಒಂದು ಘಟಕ. ಮೇಲಧಿಕಾರಿಗಳಿಗೆ ಬೇಡವಾದ ಕೂಸು. ಸುತ್ತ ಅಂಗಡಿಯಿಲ್ಲ, ಊಟ ತರಿಸಲು ಇರುವುದು ಒಂದೇ ಚೀನೀ ಹೋಟೆಲು, ಆ ಊಟದ ಪಡಿಪಾಟಲೇ ಒಂದಿಡೀ ಕಂತು. ಒಂದು ಕಟ್ಟಡ ಕೆಡವಿದರೆ ಹತ್ತು ವಿವರಣೆ ಪತ್ರ. ಮೆಕ್ಯಾನಿಕ್‌ಗಳು ಬಿಡುವಾದಾಗ ಕೊಲ್ಲಿಯಲ್ಲಿ ಮೀನು ಹಿಡಿಯುತ್ತಾರೆ. ಇಷ್ಟು ಸೋಮಾರಿ ಲೋಕವನ್ನು ಕಟ್ಟಿದ ತಂಡವೇ 1993ರಲ್ಲಿ, ಮಮೋರು ಒಶೀ ನಿರ್ದೇಶನದಲ್ಲಿ, ಅದರ ಎರಡನೆಯ ಸಿನಿಮಾ ಮಾಡಿತು. ಹಿಂದಿನ ವರ್ಷವಷ್ಟೇ ಜಪಾನ್ ತನ್ನ ಆತ್ಮರಕ್ಷಣಾ ಪಡೆಯನ್ನು ವಿಶ್ವಸಂಸ್ಥೆಯ ಶಾಂತಿಪಾಲನೆಗೆ ಕಳಿಸಲು ಕಾನೂನು ಮಾಡಿ, ಕಾಂಬೋಡಿಯಾಕ್ಕೆ ಜನರನ್ನು ಕಳಿಸಿತ್ತು. ಸಿನಿಮಾದ ಮೊದಲ ದೃಶ್ಯವೇ ಆಗ್ನೇಯ ಏಷ್ಯಾದ ಕಾಡಿನಲ್ಲಿ ಅಂಥದೊಂದು ತುಕಡಿ. ಗುಂಡು ಹಾರಿಸಲು ಅನುಮತಿ ಕೇಳುತ್ತಾರೆ, ಕೊಡುವುದಿಲ್ಲ, ನಾಶವಾಗುತ್ತಾರೆ. ಬದುಕಿ ಬಂದವನು ಟೋಕಿಯೊಗೆ ಯುದ್ಧ ಎಂದರೇನೆಂದು ತೋರಿಸಲು ಹೊರಡುತ್ತಾನೆ. ಯೊಕೊಹಾಮಾದ ಸೇತುವೆಗೆ ಕ್ಷಿಪಣಿ ಬೀಳುತ್ತದೆ. ಪೊಲೀಸರು ಸೇನೆಯ ಮೇಲೆ, ಸೇನೆ ಪೊಲೀಸರ ಮೇಲೆ ಗುಮಾನಿ ಪಡುತ್ತಾರೆ. ಕಡೆಗೆ ರಾಜಧಾನಿಯ ರಸ್ತೆಗಳಲ್ಲಿ ಟ್ಯಾಂಕುಗಳು ಬಂದು ನಿಲ್ಲುತ್ತವೆ. ಮತ್ತೇನಾಯಿತು? ಜನ ಎಂದಿನಂತೆ ಆಫೀಸಿಗೆ ಹೋಗುತ್ತಾರೆ, ಶಾಲೆಯ ಮಕ್ಕಳು ಸೈನಿಕರಿಗೆ ಕೈಬೀಸುತ್ತಾರೆ. ರೋಬಾಟು ಹೊಡೆದಾಟ ನೋಡಲೆಂದು ಟಿಕೆಟ್ ತೆಗೆದವರು ಕೊನೆಯ ಕೆಲವು ನಿಮಿಷದವರೆಗೆ ಕಾಯಬೇಕು. ಕಾಯಿಸಿದ್ದಕ್ಕೇ ನನಗೆ ಒಶೀ ಮೇಲೆ ಗೌರವ.

ಇಷ್ಟೆಲ್ಲ ಹೇಳಿಯೂ ಒಂದು ಇಕ್ಕಟ್ಟಿದೆ. ಯುದ್ಧ ಬೇಡ ಎನ್ನುವ ಈ ಕಥೆಗಳ ಯಂತ್ರಗಳು ಬಲು ಚೆಂದ. ನನ್ನ ಮೇಜಿನ ಮೇಲೇ ಒಂದು ಸ್ಕೋಪ್‌ಡಾಗ್ ಕೂತಿದೆ. ಈ ಇಕ್ಕಟ್ಟಿಗೆ ನೇರವಾಗಿ ಕೈ ಹಾಕಿದ್ದು 1989ರ ‘ವಾರ್ ಇನ್ ದ ಪಾಕೆಟ್’, ಗನ್‌ಡಮ್‌ನದೇ ಆರು ಕಂತುಗಳ ಕಿರುಸರಣಿ. ತಟಸ್ಥ ವಸಾಹತಿನ ಹುಡುಗ ಆಲ್‌ಗೆ ಯುದ್ಧವೆಂದರೆ ಪ್ರಾಣ. ಝಾಕು ನಡೆಸುವ ಶತ್ರು ಸೈನಿಕ ಬರ್ನಿ ಜೊತೆ ಗೆಳೆತನವಾಗುತ್ತದೆ. ಬರ್ನಿ ಇನ್ನಿಲ್ಲವಾಗುತ್ತಾನೆ, ಅದೂ ಆಲ್‌ನ ಪಕ್ಕದ ಮನೆಯ ಅಕ್ಕನ ಕೈಯಿಂದ, ಅವಳಿಗೇ ಗೊತ್ತಿಲ್ಲದೆ. ಶಾಲೆಯ ಸಭೆಯಲ್ಲಿ ಆಲ್ ಬಿಕ್ಕಿ ಬಿಕ್ಕಿ ಅಳುವಾಗ ಗೆಳೆಯರು ಸಮಾಧಾನ ಮಾಡುತ್ತಾರೆ: ಅಳಬೇಡ, ಇನ್ನೊಂದು ಯುದ್ಧ ಬೇಗ ಬರುತ್ತೆ, ಇದಕ್ಕಿಂತ ಜೋರಾಗಿರುತ್ತೆ.

ಕಿಟ್ ಬೇಕೆಂದು ಪೀಡಿಸುತ್ತಿದ್ದ ತಂಗಿಯ ಮಗನನ್ನು ಈಚೆಗೆ ಈ ಆರೂ ಕಂತುಗಳ ಮುಂದೆ ಕೂರಿಸಿದೆ. ಕೊನೆಗೆ ಅವನ ಕಣ್ಣೂ ತುಂಬಿತ್ತು. ಮೂಗು ಒರೆಸಿಕೊಂಡು ಕೇಳಿದ: ‘ಮಾಮ, ಬರ್ನಿದು ಝಾಕು ಇತ್ತಲ್ಲ, ಅದರ ಕಿಟ್ ಸಿಗುತ್ತಾ?’ ಸಿಗುತ್ತದೆ. ತರಿಸಿಕೊಟ್ಟೆ. ಎಡಗೈ ನಾನು ಜೋಡಿಸುತ್ತೇನೆಂದರೆ ಬಿಡುತ್ತಿಲ್ಲ.