ಘಾಟಿ ಇಳಿಯುವ ಮುನ್ನ ಒಂದು ಲೆಕ್ಕ

ಅಪ್ಪನ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಒಂದು ಪುಟ್ಟ ನೋಟ್‌ಬುಕ್ ಇದೆ. ಪೆಟ್ರೋಲ್ ಹಾಕಿಸಿದಾಗಲೆಲ್ಲ ಊರು, ಕಿಲೋಮೀಟರ್, ಲೀಟರ್ ಬರೆದಿಡೋದು ಅವರ ಅಭ್ಯಾಸ. ಅಪ್ಪ ತೀರಿಕೊಂಡು ಒಂದು ವರ್ಷವಾಯ್ತು. ಈ ಸಲದ ಮಳೆಗಾಲವಿಡೀ ಕಾರು ಮನೆ ಮುಂದೆ ನಿಂತೇ ಇತ್ತು. ನನಗೆ ಆಫೀಸಿಗೆ ಮೆಟ್ರೋ ಸಾಕು, ಅಮ್ಮನಿಗೆ ಡ್ರೈವಿಂಗ್ ಬರೋದಿಲ್ಲ.

ಅಕ್ಟೋಬರಿನಲ್ಲಿ ಅಮ್ಮ, "ಕುಕ್ಕೆಗೆ ನಿಮ್ಮಪ್ಪ ಹೊತ್ತ ಹರಕೆ ಬಾಕಿ ಇದೆ ಕಣೋ. ಅವರ ಕಾರಲ್ಲೇ ಹೋಗಿ ಬರೋಣ" ಅಂದಳು. ಹೊಸ ಬ್ಯಾಟರಿ, ಇಂಜಿನ್ ಆಯಿಲ್, ಏರ್ ಫಿಲ್ಟರ್ ಎಲ್ಲ ಹಾಕಿಸಿದೆ. ಗಾಡಿ ರೆಡಿ ಅಂದುಕೊಂಡೆ.

ಶನಿವಾರ ಬೆಳಗ್ಗೆ 6ಕ್ಕೆ ಟ್ಯಾಂಕ್ ಫುಲ್ ಮಾಡಿಸಿ ಬೆಂಗಳೂರು ಬಿಟ್ಟೆವು. ನೆಲಮಂಗಲ, ಕುಣಿಗಲ್, ಬೆಳ್ಳೂರು ಕ್ರಾಸಿನಲ್ಲಿ ಇಡ್ಲಿ ಕಾಫಿ, ಚನ್ನರಾಯಪಟ್ಟಣ, ಆಮೇಲೆ ಹಾಸನ. ಮುಳ್ಳು ಯಾಕೋ ಬೇಗ ಇಳಿದಿದೆ ಅನ್ನಿಸಿ ಹಾಸನದಲ್ಲಿ ಮತ್ತೆ ಫುಲ್ ಮಾಡಿಸಿದೆ. 186 ಕಿಲೋಮೀಟರಿಗೆ 15 ಲೀಟರ್ 200 ಮಿಲಿ!

ಅಮ್ಮ ಅಷ್ಟರಲ್ಲಿ ನೋಟ್‌ಬುಕ್ ತಿರುವಿ ಹಾಕುತ್ತಿದ್ದಳು. "ಇಲ್ನೋಡು, ಹಾಸನಕ್ಕೆ ಅಪ್ಪ ಹತ್ತು ಚಿಲ್ಲರೆ ಅಂತ ಬರೆದಿದ್ದಾರೆ. ನಿಂದು ಹದಿನೈದು ಯಾಕಾಯ್ತು?"

ಅಪ್ಪನಿಗೆ ಲೀಟರಿಗೆ 18 ಕೊಡುತ್ತಿದ್ದ ಗಾಡಿ ನನಗೆ ಹನ್ನೆರಡರ ಮೇಲೆ ಚೂರು ಕೊಟ್ಟಿತ್ತು. ಬಂಕಿನವರು ಮೋಸ ಮಾಡಿರಬೇಕು, ಎಸಿ ಹಾಕಿದ್ದಕ್ಕಿರಬೇಕು, ಸ್ವಲ್ಪ ಜೋರಾಗಿ ಓಡಿಸಿದ್ದಕ್ಕಿರಬೇಕು ಅಂತ ನನಗೆ ನಾನೇ ಹೇಳಿಕೊಂಡೆ. ಆದರೆ ಎಸಿ, ಸ್ಪೀಡು ಸೇರಿದರೂ ಮೂರನೇ ಒಂದು ಭಾಗ ಮೈಲೇಜ್ ತಿಂದುಬಿಡೋದು ಕಷ್ಟ. ಟೈರಿನ ಗಾಳಿ ನೋಡಿಸಿದೆ. 2 ಪಿಎಸ್‌ಐ ಕಮ್ಮಿ ಇತ್ತು, ಅಷ್ಟೆ. ಬಾನೆಟ್ ಎತ್ತಿ ನೋಡಿದೆ, ಪೆಟ್ರೋಲ್ ವಾಸನೆಯೂ ಇಲ್ಲ, ಸೋರಿಕೆಯೂ ಇಲ್ಲ.

ಎಸಿ ಆಫ್ ಮಾಡಿ, ಕಿಟಕಿ ಇಳಿಸಿ ಮುಂದೆ ಹೊರಟೆ. ಬಾಳ್ಳುಪೇಟೆ ಹತ್ತಿರ ಅಮ್ಮ, "ಏನೋ ಸುಟ್ಟ ವಾಸನೆ" ಅಂದಳು.

"ಮುಂದೆ ಲಾರಿ ಇದೆಯಲ್ಲಮ್ಮ, ಅದರದ್ದು."

ಸ್ವಲ್ಪ ಹೊತ್ತು ಸುಮ್ಮನಿದ್ದು, "ಲಾರಿ ಹೋಗಿ ಹತ್ತು ನಿಮಿಷ ಆಯ್ತು. ವಾಸನೆ ಹೋಗಿಲ್ಲ" ಅಂದಳು.

ಆಗ ನನಗೆ ಭಯವಾಯ್ತು. ಹಿಂದೆ ಯಾವ ಗಾಡಿಯೂ ಇಲ್ಲದ ಸಮತಟ್ಟಾದ ಜಾಗದಲ್ಲಿ ನಿಧಾನ ಮಾಡಿ, ನ್ಯೂಟ್ರಲ್‌ಗೆ ಹಾಕಿದೆ. ತನ್ನಷ್ಟಕ್ಕೆ ಉರುಳಬೇಕಿದ್ದ ಕಾರು ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ ನಿಂತುಬಿಟ್ಟಿತು. ಸ್ಟೀರಿಂಗ್ ಎಡಕ್ಕೆ ವಾಲುತ್ತಿತ್ತು. ಇಳಿದು ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದೆ, ಮುಟ್ಟಲಿಲ್ಲ. ಮೂರು ಬೆಚ್ಚಗಿದ್ದವು. ಮುಂದಿನ ಎಡಗಡೆಯದ್ದು ಒಲೆಯ ಹಾಗೆ ಕಾದಿತ್ತು. ಅರ್ಧ ಗಂಟೆ ತಣಿಯಲು ಬಿಟ್ಟು, ಮೆಲ್ಲಗೆ ಸಕಲೇಶಪುರ ಸೇರಿ ಒಂದು ಗ್ಯಾರೇಜಿನಲ್ಲಿ ನಿಲ್ಲಿಸಿದೆ.

ಮೆಕ್ಯಾನಿಕ್ ಜಾಕ್ ಏರಿಸಿ ಚಕ್ರ ತಿರುಗಿಸಿ ನೋಡಿದ. ಅಲುಗಾಡಲೇ ಇಲ್ಲ. "ಎಷ್ಟು ದಿನ ನಿಲ್ಸಿದ್ರಿ ಸಾರ್ ಗಾಡಿನಾ?" ಅಂತ ಕೇಳಿದ. ಬ್ರೇಕಿನ ಕ್ಯಾಲಿಪರ್ ಹಿಂದೆ ಮುಂದೆ ಜಾರುವ ಪಿನ್‌ಗಳು ಮಳೆಗೆ ತುಕ್ಕು ಹಿಡಿದಿದ್ದವು. ಪೆಡಲ್ ಬಿಟ್ಟರೂ ಪ್ಯಾಡ್ ಡಿಸ್ಕನ್ನು ಬಿಡುತ್ತಿರಲಿಲ್ಲ. ನಾನು ಬೆಂಗಳೂರಿನಿಂದ ಇಲ್ಲಿವರೆಗೂ ಬ್ರೇಕ್ ಹಿಡಿದುಕೊಂಡೇ ಓಡಿಸಿದ್ದೆ!

"ಪೆಟ್ರೋಲ್ ಹೋದ್ರೆ ಹೋಗ್ಲಿ ಬಿಡಿ ಸಾರ್. ಹಿಂಗೇ ಘಾಟಿ ಇಳಿದಿದ್ರೆ ಏನ್ ಕತೆ?" ಅಂದ. ಮೊದಲೇ ಕಾದ ಬ್ರೇಕು ಇಳಿಜಾರಿನಲ್ಲಿ ಇನ್ನಷ್ಟು ಕಾದರೆ ಒಳಗಿನ ಬ್ರೇಕ್ ಆಯಿಲ್ ಕುದಿಯುತ್ತೆ, ಗುಳ್ಳೆ ಬರುತ್ತೆ. ಆಮೇಲೆ ಪೆಡಲ್ ತುಳಿದರೆ ಕಾಲು ನೆಲಕ್ಕೆ ಹೋಗುತ್ತೆ, ಗಾಡಿ ನಿಲ್ಲೋದಿಲ್ಲ. ಶಿರಾಡಿಯಲ್ಲಿ ಟ್ಯಾಂಕರ್‌ಗಳ ಸಾಲು, ಪಕ್ಕದಲ್ಲಿ ಅಮ್ಮ. ಮುಂದಕ್ಕೆ ಯೋಚಿಸಲಾಗಲಿಲ್ಲ.

ಕೆಲಸಕ್ಕೆ ಮೂರು ಗಂಟೆ ಬೇಕು ಅಂದ. ನಾವು ಹೇಮಾವತಿ ದಡದ ಸಕಲೇಶ್ವರ ದೇವಸ್ಥಾನಕ್ಕೆ ಹೋಗಿ ಕೂತೆವು. ಮಳೆ ಮುಗಿದ ಹೊಳೆ ತುಂಬಿ ಹರಿಯುತ್ತಿತ್ತು. "ಕುಕ್ಕೆಗೆ ಹೋಗುವಾಗಲೆಲ್ಲ ಸಕಲೇಶಪುರದಲ್ಲಿ ಇಳಿಯೋಣ ಅಂತಿದ್ದೆ. ನಿಮ್ಮಪ್ಪ ಲೇಟಾಗುತ್ತೆ ಅಂತ ನಿಲ್ಲಿಸ್ತಾನೇ ಇರಲಿಲ್ಲ" ಅಂತ ಅಮ್ಮ ನಕ್ಕಳು. ಮಧ್ಯಾಹ್ನ ಅಕ್ಕಿ ರೊಟ್ಟಿ ತಿಂದು ಗ್ಯಾರೇಜಿಗೆ ಬಂದಾಗ ಚಕ್ರ ಕೈಯಲ್ಲಿ ಸಲೀಸಾಗಿ ತಿರುಗುತ್ತಿತ್ತು. ಪಿನ್ ಕ್ಲೀನ್ ಮಾಡಿ ಬ್ರೇಕಿಗೆಂದೇ ಇರುವ ಗ್ರೀಸ್ ಹಚ್ಚಿದ್ದ. ಮುಂದಿನ ಎರಡೂ ಕಡೆಗೆ ಹೊಸ ಪ್ಯಾಡ್, ಹೊಸ ಬ್ರೇಕ್ ಆಯಿಲ್. 2,600 ರೂಪಾಯಿ.

ಊರು ದಾಟಿದ ಮೇಲೆ ಗುಡ್ಡದ ಮೇಲಿನ ಮಂಜರಾಬಾದ್ ಕೋಟೆಯ ದಾರಿ ಸಿಗುತ್ತೆ. 1792ರಲ್ಲಿ ಟಿಪ್ಪು ಕಟ್ಟಿಸಿದ, ಎಂಟು ಮೂಲೆಯ ನಕ್ಷತ್ರದಾಕಾರದ ಕೋಟೆ. ಅಮ್ಮನ ಮಂಡಿಗೆ ಮೆಟ್ಟಿಲು ಆಗೋದಿಲ್ಲ, ಮುಂದೆ ಹೋದೆವು. ದೋಣಿಗಲ್, ಮಾರನಹಳ್ಳಿ ದಾಟಿ ಎರಡು, ಮೂರನೇ ಗೇರಿನಲ್ಲೇ ಘಾಟಿ ಇಳಿದೆ. ಇಂಜಿನ್ನೇ ಗಾಡಿಯನ್ನು ತಡೆಯುತ್ತಿತ್ತು, ಬ್ರೇಕ್ ಬೇಕಾದಾಗ ಮಾತ್ರ. ಪಕ್ಕದಲ್ಲಿ ಕೆಂಪುಹೊಳೆ, ಕಾಡು, ಹಸಿ ಮಣ್ಣಿನ ವಾಸನೆ. ಗುಂಡ್ಯದಲ್ಲಿ ಎಡಕ್ಕೆ ತಿರುಗಿ ಸಂಜೆಯೊಳಗೆ ಸುಬ್ರಹ್ಮಣ್ಯ ತಲುಪಿದೆವು. ಮರುದಿನ ಬೆಳಗ್ಗೆ ಹರಕೆ ಸಲ್ಲಿತು.

ನಿಮ್ಮ ಗಾಡಿಯ ಮೈಲೇಜ್ ಇದ್ದಕ್ಕಿದ್ದ ಹಾಗೆ ಬಿದ್ದರೆ ದುಡ್ಡಿನ ಲೆಕ್ಕ ಆಮೇಲೆ ಇರಲಿ. ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ ಸರಿಯಾಗಿ ಲೆಕ್ಕ ಹಾಕಿ. ಟೈರಿನ ಗಾಳಿ, ಏರ್ ಫಿಲ್ಟರ್ ಸರಿ ಇದ್ದೂ ಕಾರು ಭಾರವಾಗಿ ಓಡುತ್ತಿದೆಯಾ? ಇಳಿದು ಚಕ್ರಗಳ ಬಿಸಿ ನೋಡಿ. ಒಂದೇ ಚಕ್ರ ಸುಡುತ್ತಿದ್ದರೆ ಮುಂದಕ್ಕೆ ಹೋಗಬೇಡಿ, ಅದರಲ್ಲೂ ಘಾಟಿಗಂತೂ ಬೇಡವೇ ಬೇಡ. ಮತ್ತೆ, ಪಕ್ಕದಲ್ಲಿ ಕೂತವರು ವಾಸನೆ ಬರ್ತಿದೆ ಅಂದರೆ ಕೇಳಿ.

ವಾಪಸ್ ಬರುವಾಗ ಹಾಸನದಲ್ಲಿ ಫುಲ್ ಮಾಡಿಸಿ, ಬೆಂಗಳೂರಿನ ನಮ್ಮ ಬಂಕಿನಲ್ಲಿ ಮತ್ತೆ ಫುಲ್ ಮಾಡಿಸಿದೆ. ಅಮ್ಮ ಬ್ಯಾಗಿನಿಂದ ಪೆನ್ ತೆಗೆದು, ಅಪ್ಪನ ನೋಟ್‌ಬುಕ್ಕನ್ನು ತೊಡೆ ಮೇಲಿಟ್ಟುಕೊಂಡು "ಹೇಳು" ಅಂದಳು.

"ಹಾಸನ, 186. ಹತ್ತು ಲೀಟರ್ ನಾನೂರು ಮಿಲಿ."

"ಹತ್ತು ಚಿಲ್ಲರೆ" ಅನ್ನುತ್ತ ಬರೆದುಕೊಂಡಳು.