ಅಪರಾಧದ ಲೆಕ್ಕವೂ ಗಣಕಯಂತ್ರದ ಭಾಷೆಯೂ

ಮನುಷ್ಯರ ಪಾಪಪುಣ್ಯಗಳಿಗೆ ಲೆಕ್ಕವಿಡುವವನು ಚಿತ್ರಗುಪ್ತನೆಂಬುದು ಹಿಂದಿನವರ ನಂಬಿಕೆ. ಆ ಲೆಕ್ಕವನ್ನು ಭೂಲೋಕದಲ್ಲಿಯೇ ಕ್ರಮವಾಗಿ ಇಡತೊಡಗಿದವರಲ್ಲಿ ಫ್ರಾನ್ಸ್ ದೇಶದವರು ಅಗ್ರಗಣ್ಯರು. 1825ನೆಯ ಇಸವಿಯಿಂದ ಅಲ್ಲಿಯ ನ್ಯಾಯಾಡಳಿತದವರು ವರ್ಷವರ್ಷವೂ ಅಪರಾಧಗಳ ಕೋಷ್ಟಕಗಳನ್ನು ಸಿದ್ಧಪಡಿಸಿದರು. ಆಂದ್ರೆ ಮಿಶೆಲ್ ಗೆರಿ ಎಂಬ ನ್ಯಾಯಶಾಸ್ತ್ರಜ್ಞನು ಅವುಗಳನ್ನು ಆಧರಿಸಿ, ಫ್ರಾನ್ಸಿನ ನೈತಿಕ ಸ್ಥಿತಿಯನ್ನು ಕುರಿತ ಗ್ರಂಥವೊಂದನ್ನು 1833ರಲ್ಲಿ ಪ್ರಕಟಿಸಿ, 86 ಪ್ರಾಂತಗಳಿಗೂ ತಿಳಿಯಾಗಿಯೋ ಗಾಢವಾಗಿಯೋ ಬಣ್ಣ ಬಳಿದ ನಕಾಶೆಗಳನ್ನು ಅದರೊಡನೆ ಕೊಟ್ಟನು. ಓದುಬರಹ ಹೆಚ್ಚಿದಂತೆ ಅಪರಾಧವು ತಗ್ಗುವುದೆಂದು ಆ ಕಾಲದ ಅನೇಕ ವಿದ್ವಾಂಸರ ಮತವಾಗಿದ್ದಿತು. ಗೆರಿಯ ನಕಾಶೆಗಳು ಆ ಮತವನ್ನು ಸಮರ್ಥಿಸಲಿಲ್ಲ. ಉಪಾಧ್ಯಾಯ ವೃತ್ತಿಯವರಿಗೆ ಇದು ಅಷ್ಟಾಗಿ ರುಚಿಸುವ ಸಂಗತಿಯಲ್ಲ. ಆದರೂ ಸಂಗತಿ ಸಂಗತಿಯೇ.

ಗೆರಿಯು ಕಾಗದದ ಮೇಲೆ ಬಹುಶ್ರಮದಿಂದ ಮಾಡಿದ ಗಣಿತವನ್ನು ಇಂದಿನ ಸಂಶೋಧಕನು ಗಣಕಯಂತ್ರಕ್ಕೆ ಒಪ್ಪಿಸುತ್ತಾನೆ. ಒಪ್ಪಿಸಬೇಕಾದರೆ ಆ ಯಂತ್ರದೊಡನೆ ಮಾತನಾಡುವ ಭಾಷೆಯನ್ನು ಕಲಿಯಬೇಕು. ಸಮಾಜಶಾಸ್ತ್ರವನ್ನೋ ಅಪರಾಧಶಾಸ್ತ್ರವನ್ನೋ ಆರಿಸಿಕೊಳ್ಳುವ ವಿದ್ಯಾರ್ಥಿಗಳಲ್ಲಿ ಗಣಿತಕ್ಕೆ ಅಂಜಿಯೇ ಆ ದಾರಿ ಹಿಡಿದವರು ಕೆಲವರಿರುತ್ತಾರೆ. ಅವರಿಗೆ 'ಆರ್' ಎಂಬ ಏಕಾಕ್ಷರದ ಭಾಷೆಯು ಎದುರಾಗುತ್ತದೆ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾನಿಲಯದಲ್ಲಿ ರಾಸ್ ಇಹಾಕ, ರಾಬರ್ಟ್ ಜೆಂಟಲ್‌ಮನ್ ಎಂಬಿಬ್ಬರು 1990ರ ದಶಕದಲ್ಲಿ ಇದನ್ನು ನಿರ್ಮಿಸಿ, ಯಾರಿಂದಲೂ ಹಣವನ್ನು ಪಡೆಯದೆ ಲೋಕಕ್ಕೆ ಬಿಟ್ಟುಕೊಟ್ಟರು. ವಿದ್ಯಾದಾನವೆಂಬುದು ಇನ್ನೂ ನಿಂತಿಲ್ಲ.

ಸೂತ್ರಪಾಠವನ್ನು ಕಂಠಸ್ಥ ಮಾಡಿದವರಿಗೆ ಈ ಭಾಷೆಯ ರೀತಿಯು ತೀರ ಪರಕೀಯವೆನಿಸಲಾರದು. ಪಾಣಿನಿಯು ಒಂದು ಸಂಜ್ಞೆಯನ್ನು ವಿಧಿಸಿ, ಬಳಿಕ ಆ ಸಂಜ್ಞೆಯಿಂದಲೇ ವ್ಯವಹರಿಸುವಂತೆ, ಇಲ್ಲಿಯೂ ಒಂದು ಕೋಷ್ಟಕಕ್ಕೆ ಹೆಸರಿಟ್ಟು ಅನಂತರ ಆ ಹೆಸರನ್ನಷ್ಟೇ ಉಚ್ಚರಿಸುವುದು ಪದ್ಧತಿ. ಒಂದು ಆಜ್ಞೆಯ ಫಲವನ್ನು ಮುಂದಿನ ಆಜ್ಞೆಗೆ ಒಯ್ಯುವ ಕ್ರಮವು ಅನುವೃತ್ತಿಯನ್ನು ನೆನಪಿಗೆ ತರುತ್ತದೆ. ವ್ಯತ್ಯಾಸವೊಂದುಂಟು. ಸೂತ್ರದಲ್ಲಿ ಸಂದೇಹ ಹುಟ್ಟಿದರೆ ವ್ಯಾಖ್ಯಾನಕಾರನು ಕೈಹಿಡಿದು ನಡೆಸುತ್ತಾನೆ. ಯಂತ್ರವು ವ್ಯಾಖ್ಯಾನವನ್ನು ಕೇಳುವುದಿಲ್ಲ, ಹೇಳಿದುದನ್ನು ಮಾಡುತ್ತದೆ. ಒಂದು ಅಲ್ಪವಿರಾಮವೋ ಆವರಣಚಿಹ್ನೆಯೋ ತಪ್ಪಿದರೆ ಅದು ಕೂಡಲೇ ಮುಷ್ಕರ ಹೂಡುತ್ತದೆ. ಹೊಸಬರು ಇದಕ್ಕೆ ಎಷ್ಟು ಹೆದರುತ್ತಾರೋ ಹೇಳತೀರದು. ಆದರೆ ಈ ತಪ್ಪು ನಿರಪಾಯಕರವಾದುದು. ಯಂತ್ರವು ಸುಮ್ಮನೆ ಒಪ್ಪಿಕೊಂಡು ಅಚ್ಚುಕಟ್ಟಾದ ಉತ್ತರವನ್ನು ಕೊಡುವ ತಪ್ಪುಗಳೇ ಭಯಂಕರವಾದವು.

ಅದೆಂತೆಂದರೆ, ಗೆರಿಯ ಕೋಷ್ಟಕವೇ ಈಗ 'ಆರ್' ಭಾಷೆಯಲ್ಲಿ ಸಿದ್ಧವಾಗಿ ದೊರೆಯುತ್ತದೆ. ಅದರಲ್ಲಿ ವ್ಯಕ್ತಿಗಳ ಮೇಲಣ ಅಪರಾಧಗಳ ಅಂಕಣವನ್ನು ವಿದ್ಯಾರ್ಥಿಯು ದೊಡ್ಡ ಅಂಕೆಯಿಂದ ಚಿಕ್ಕ ಅಂಕೆಗೆ ಇಳಿಯುವಂತೆ ಜೋಡಿಸುತ್ತಾನೆ. ಮೇಲಿನ ಅಂಕೆ 37,014. ಕಟ್ಟಕಡೆಯದು ಕಾರ್ಸಿಕ ದ್ವೀಪದ 2,199. ಹಾಗಾದರೆ ಕಾರ್ಸಿಕವು ಸಾಧುಗಳ ನೆಲೆಯೇ? ಅಲ್ಲ. ಗೆರಿಯು ಎಣಿಸಿದ್ದು ಎಷ್ಟು ಜನರಿಗೆ ಒಂದು ಅಪರಾಧವೆಂಬುದನ್ನು. ಅಂಕೆ ಚಿಕ್ಕದಾದಷ್ಟೂ ಅಪರಾಧ ಹೆಚ್ಚು. ಅಂಕಣದ ತಲೆಬರಹವನ್ನು ವಿವರಿಸುವ ಒಂದು ಸಾಲನ್ನು ಓದದೆ ಹೋದ ಮಾತ್ರಕ್ಕೆ ಒಂದು ಪ್ರಾಂತಕ್ಕೆ ಪಾಪವೂ ಇನ್ನೊಂದಕ್ಕೆ ಪುಣ್ಯವೂ ತಲೆಕೆಳಗಾಗಿ ಹಂಚಿಹೋಗುತ್ತವೆ.

ಫ್ರಾನ್ಸಿನದು ಹಳೆಯ ಮಾತು. ಅದರಿಂದ ಈಗ ಯಾರಿಗೂ ನೋವಾಗದು. ಅಮೇರಿಕದ ಚಿಕಾಗೋ ನಗರದ ಲೆಕ್ಕವು ಹಾಗಲ್ಲ. ಅಲ್ಲಿ ಕ್ಲಿಫರ್ಡ್ ಷಾ, ಹೆನ್ರಿ ಮೆಕ್‌ಕೇ ಎಂಬ ಸಂಶೋಧಕರು ತಪ್ಪುದಾರಿ ಹಿಡಿದ ಹುಡುಗರ ಮನೆಗಳನ್ನು ನಕಾಶೆಯ ಮೇಲೆ ಒಂದೊಂದು ಬಿಂದುವಾಗಿ ಗುರುತಿಸಿ, 1942ರಲ್ಲಿ ತಮ್ಮ ಗ್ರಂಥವನ್ನು ಹೊರತಂದರು. ನಗರಮಧ್ಯದ ಸಮೀಪದ ಬಡ ಕೇರಿಗಳಲ್ಲಿ ಒಂದು ದೇಶದವರು ಹೋಗಿ ಇನ್ನೊಂದು ದೇಶದವರು ಬಂದು ನೆಲಸಿದರೂ ಬಿಂದುಗಳ ದಟ್ಟಣೆಯು ಆ ಕೇರಿಗಳಲ್ಲಿಯೇ ಉಳಿದಿದ್ದಿತು. ದೋಷವನ್ನು ಜನಾಂಗದ ರಕ್ತದಲ್ಲಿ ಹುಡುಕುತ್ತಿದ್ದವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿರಲಿಲ್ಲ.

ಈಗ ಅದೇ ನಗರವು 2001ರಿಂದೀಚೆಗೆ ಪೊಲೀಸರಲ್ಲಿ ದಾಖಲಾದ ಅಪರಾಧಗಳನ್ನು ಒಂದೊಂದು ಸಾಲಾಗಿ ಸಾರ್ವಜನಿಕರ ಮುಂದಿಟ್ಟಿದೆ. ಸಾಲುಗಳು 80 ಲಕ್ಷವನ್ನು ಮೀರಿವೆ. ಕೊಲೆಯಾದರೆ ಸತ್ತ ಒಬ್ಬೊಬ್ಬರಿಗೂ ಒಂದು ಸಾಲು. ಮನೆಯ ಪೂರ್ಣ ವಿಳಾಸವನ್ನು ಕೊಡದೆ ಬೀದಿಯ ಭಾಗವನ್ನಷ್ಟೇ ಸೂಚಿಸಿರುವುದು ಮರ್ಯಾದೆಯ ಲಕ್ಷಣ. ಹತ್ತಾರು ಸಾಲು ಆಜ್ಞೆಗಳನ್ನು ಬರೆಯಬಲ್ಲ ವಿದ್ಯಾರ್ಥಿಯು ಷಾ, ಮೆಕ್‌ಕೇ ಅವರ ವರ್ಷಗಳ ದುಡಿಮೆಯನ್ನು ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸಿದೆನೆಂದು ಹಿಗ್ಗುವುದುಂಟು. ಅವರು ಗುರುತಿಸಿದ್ದು ಹುಡುಗನು ವಾಸವಾಗಿದ್ದ ಮನೆಯನ್ನು. ಇಲ್ಲಿ ಗುರುತಾಗಿರುವುದು ಅಪರಾಧ ನಡೆದ ಸ್ಥಳ. ಪೇಟೆಯ ನಡುವೆ ವಾಸಿಸುವವರು ಕೆಲವರು, ಹಗಲು ಬಂದು ಹೋಗುವವರು ಅಸಂಖ್ಯರು. ಅಲ್ಲಿಯ ಜೇಬುಗಳ್ಳತನವನ್ನು ಅಲ್ಲಿಯ ನಿವಾಸಿಗಳ ಸಂಖ್ಯೆಯಿಂದ ಭಾಗಿಸಿದರೆ ಆ ಕೆಲವರೇ ಲೋಕಕಂಟಕರಾಗಿ ತೋರುತ್ತಾರೆ. ಭಾಗಾಕಾರದಲ್ಲಿ ತಪ್ಪಿಲ್ಲ, ಭಾಜಕವನ್ನು ಆರಿಸಿದುದರಲ್ಲಿ ತಪ್ಪಿದೆ.

ಇನ್ನು ಕಾಲದ ವಿಚಾರ. ಪೊಲೀಸರ ದಾಖಲೆಗಳನ್ನು ಗಂಟೆಗಂಟೆಗೆ ವಿಂಗಡಿಸಿದರೆ ನಡುರಾತ್ರಿ 12 ಗಂಟೆಗೂ ನಡುಹಗಲು 12 ಗಂಟೆಗೂ ಅಂಕೆಯು ತಟ್ಟನೆ ಎದ್ದು ನಿಲ್ಲುತ್ತದೆ; ದಿನದಿನಕ್ಕೆ ವಿಂಗಡಿಸಿದರೆ ತಿಂಗಳ ಮೊದಲನೆಯ ತಾರೀಖು ಎದ್ದು ನಿಲ್ಲುತ್ತದೆ. ಕಳ್ಳರು ಪಂಚಾಂಗ ನೋಡಿಕೊಂಡು ಹೊರಡುತ್ತಾರೆಂದು ಇದರ ಅರ್ಥವಲ್ಲ. ಎಂದು ನಡೆಯಿತೆಂದು ಹೇಳಲಾಗದ ದೂರಿಗೆ ಬರೆಯುವವನು ಯಾವುದೋ ಒಂದು ದಿನವನ್ನು, ಒಂದು ಗಂಟೆಯನ್ನು ತುಂಬಲೇಬೇಕಲ್ಲವೆ? ಬಾಲ್ಯದಲ್ಲಿ ನಡೆದ ಅತ್ಯಾಚಾರವನ್ನು ವರ್ಷಗಳ ಮೇಲೆ ಬಾಯಿಬಿಟ್ಟು ಹೇಳುವವಳಿಗೆ ತಾರೀಖು ಎಲ್ಲಿ ನೆನಪಿರಬೇಕು? ನಕಾಶೆಯಲ್ಲಿ ಹೊಸವರ್ಷದ ಉಲ್ಲಾಸದ ಪರಿಣಾಮವೆಂದು ಕಾಣುವ ಶಿಖರದ ಕೆಳಗೆ ಇಂಥ ಮೌನವೂ ಅಡಗಿರಬಹುದು.

ತಿಳಿಯದುದನ್ನು ತಿಳಿಯದೆಂದೇ ಬರೆಯಲು 'ಆರ್' ಭಾಷೆಯು 'ಎನ್‌ಎ' ಎಂಬ ಸಂಜ್ಞೆಯನ್ನು ಇಟ್ಟುಕೊಂಡಿದೆ. ಅದು ಸೊನ್ನೆಯಲ್ಲ. ಅಂಕಣದಲ್ಲಿ ಒಂದೇ ಒಂದು 'ಎನ್‌ಎ' ಇದ್ದರೂ ಮೊತ್ತ ಕೇಳಿದಾಗ ಯಂತ್ರವು 'ಎನ್‌ಎ' ಎಂದೇ ಉತ್ತರಿಸುತ್ತದೆ. ಘಟಾಭಾವವನ್ನೂ ಘಟದ ಅಜ್ಞಾನವನ್ನೂ ಬೇರ್ಪಡಿಸುವ ತಾರ್ಕಿಕರು ಇದನ್ನು ಕಂಡಿದ್ದರೆ ತಲೆದೂಗುತ್ತಿದ್ದರು. ವಿದ್ಯಾರ್ಥಿಗೆ ಮಾತ್ರ ಬೇಸರ. ತಿಳಿಯದ್ದನ್ನು ಬಿಟ್ಟು ಕೂಡು ಎಂಬ ಪುಟ್ಟ ಆಜ್ಞೆಯನ್ನು ಅವನು ಬೇಗನೆ ಕಲಿಯುತ್ತಾನೆ. ಕೂಡಲೇ ಮೊತ್ತ ಬರುತ್ತದೆ. 2021ರಲ್ಲಿ ಅಮೇರಿಕದ ಕೇಂದ್ರ ತನಿಖಾ ಸಂಸ್ಥೆಯಾದ ಎಫ್‌ಬಿಐ ಹಳೆಯ ಲೆಕ್ಕದ ಪದ್ಧತಿಯನ್ನು ಕೈಬಿಟ್ಟು ಹೊಸದನ್ನು ತಂದಾಗ, ನ್ಯೂಯಾರ್ಕ್, ಲಾಸ್ ಏಂಜಲೀಸ್ ನಗರಗಳ ಪೊಲೀಸರೂ ಸೇರಿದಂತೆ ಅನೇಕರು ಆ ವರ್ಷದ ಅಂಕೆಗಳನ್ನು ಹೊಸ ರೀತಿಯಲ್ಲಿ ಒಪ್ಪಿಸಲಿಲ್ಲ. ಬಿಟ್ಟು ಕೂಡಿದರೆ ಎರಡು ಮಹಾನಗರಗಳ ದುಃಖವೆಲ್ಲ ಮಾಯವಾಗಿ, ದೇಶವು ಸುಧಾರಿಸಿದಂತೆ ತೋರುತ್ತದೆ.

ಇಂಥದೇ ತೊಡಕು ಭಾರತದಲ್ಲಿಯೂ ಈಗ ಒದಗಿದೆ. 1860ರ ದಂಡಸಂಹಿತೆಯು ಹೋಗಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯು ಜಾರಿಗೆ ಬಂದಿದೆ. ಕೊಲೆಯ ಶಿಕ್ಷೆಗೆ 302ನೆಯ ಕಲಮೆಂದು ಹಳ್ಳಿಯ ಮಕ್ಕಳೂ ಬಲ್ಲರು. ಹೊಸ ಸಂಹಿತೆಯಲ್ಲಿ ಕೊಲೆಯು 103ಕ್ಕೆ ಹೋಗಿದೆ. 302ರ ಜಾಗದಲ್ಲಿ ಬೇಕೆಂದೇ ಮತಭಾವನೆಯನ್ನು ನೋಯಿಸುವ ಮಾತನ್ನಾಡುವ ಅಪರಾಧವು ಕುಳಿತಿದೆ. ಕೊಲೆಯಲ್ಲದ ನರಹತ್ಯೆಯ ಶಿಕ್ಷೆಗಿದ್ದ 304ರಲ್ಲಿ ಈಗ ಸರಗಳ್ಳರಂಥವರ ಕಸಿದೋಡುವ ಅಪರಾಧವಿದೆ. ಹತ್ತು ವರ್ಷಗಳ ಕೋಷ್ಟಕಗಳನ್ನು ಒಂದಕ್ಕೊಂದು ಜೋಡಿಸಿ, 302 ಇರುವ ಸಾಲುಗಳನ್ನೆಲ್ಲ ಎಣಿಸೆಂದು ಅಪ್ಪಣೆ ಕೊಟ್ಟರೆ ಯಂತ್ರವು ಕಟುಮಾತನ್ನೂ ಕೊಲೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಕೊಡುತ್ತದೆ. ಸಂಜ್ಞೆಯು ಅದಕ್ಕೆ ಗೊತ್ತು, ಸಂಜ್ಞಿಯು ಗೊತ್ತಿಲ್ಲ.

ಆದಕಾರಣ ಬಲ್ಲ ವಿದ್ಯಾರ್ಥಿಯು ಯಂತ್ರದ ಮುಂದೆ ಕುಳಿತುಕೊಳ್ಳುವ ಮೊದಲು ಎರಡು ಸಂಹಿತೆಗಳನ್ನೂ ಎದುರಿಗೆ ಬಿಡಿಸಿಟ್ಟುಕೊಂಡು, ಎಡಕ್ಕೆ ಹಳೆಯ ಕಲಮು, ಬಲಕ್ಕೆ ಹೊಸ ಕಲಮು ಎಂದು ಒಂದು ಪಟ್ಟಿಯನ್ನು ಕೈಯಿಂದ ಬರೆದುಕೊಳ್ಳುತ್ತಾನೆ. ಕೆಲಸವು ನೀರಸವಾದುದು, ಹಲವು ದಿನ ಹಿಡಿಯುತ್ತದೆ. ಒಂದೆಡೆ ಲೇಖನಿ ನಿಲ್ಲುತ್ತದೆ. ಪುರುಷರ ಮೇಲೆ ನಡೆಯುವ ಬಲಾತ್ಕಾರಕ್ಕೆ ಹಿಂದೆ ಅನ್ವಯಿಸುತ್ತಿದ್ದ 377ಕ್ಕೆ ಹೊಸ ಸಂಹಿತೆಯಲ್ಲಿ ಸರಿಸಾಟಿಯಾದ ಕಲಮೇ ಇಲ್ಲ. ಬಲಗಡೆಯ ಆ ಮನೆಯಲ್ಲಿ ಸೊನ್ನೆಯನ್ನು ಬರೆಯಬೇಕೋ, 'ಎನ್‌ಎ' ಎಂದು ಬರೆಯಬೇಕೋ ಎಂಬುದನ್ನು ಅವನೇ ನಿಶ್ಚಯಿಸಬೇಕು.